ಮೀನಿನ ಲೆಕ್ಕ ಮಾರ್ಚ್ ತಿಂಗಳ ನೀರಿನಲ್ಲಿ: ಕೃಷಿ ಹೊಂಡ, ಮೀನು ಮತ್ತು ಮನೆಯ ಕಾಯಿಪಲ್ಲೆ

ರಾಜ್ಯ ಸರ್ಕಾರ 2014-15ರಲ್ಲಿ ಮಳೆನೀರು ಹಿಡಿಯುವ ಕೃಷಿ ಹೊಂಡಗಳಿಗೆ ನೆರವು ನೀಡುವ ಕೃಷಿ ಭಾಗ್ಯ ಯೋಜನೆಯನ್ನು ಆರಂಭಿಸಿದ ನಂತರ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಒಣಬೇಸಾಯದ ಹೊಲಗಳಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಗಳು ಸಾಮಾನ್ಯ ನೋಟವಾಗಿವೆ. ಮಳೆ ಕೈಕೊಟ್ಟಾಗ ತೊಗರಿಗೋ ಕಡಲೆಗೋ ಒಂದೆರಡು ಬಾರಿ ನೀರುಣಿಸಿ ಬೆಳೆಯನ್ನು ಉಳಿಸಿಕೊಳ್ಳುವುದು ಅವುಗಳ ಮೂಲ ಉದ್ದೇಶ. ಆದರೆ ನಾಲ್ಕೈದು ತಿಂಗಳು ನಿಂತಿರುವ ನೀರನ್ನು ಕಂಡ ಯಾರಿಗಾದರೂ, ಇದರಲ್ಲಿ ಮೀನು ಬಿಟ್ಟರೆ ಹೇಗೆ, ಅದೇ ನೀರನ್ನು ಹಿತ್ತಲಿನ ಕಾಯಿಪಲ್ಲೆಗೆ ಹರಿಸಿದರೆ ಮನೆಯ ಊಟದ ಬಹುಪಾಲು ಹೊಲದಲ್ಲೇ ಸಿಗಬಾರದೇ ಎಂಬ ಆಲೋಚನೆ ಬರುವುದು ಸಹಜ. ಆಲೋಚನೆ ಸರಿಯಾದದ್ದೇ. ಸೋಲುವವರು ಸಾಮಾನ್ಯವಾಗಿ ಸೋಲುವುದು ಒಂದೇ ಕಾರಣಕ್ಕೆ: ಹೊಂಡ ತುಂಬಿ ತುಳುಕುತ್ತಿರುವ ಅಕ್ಟೋಬರ್ ತಿಂಗಳಲ್ಲಿ ನಿಂತು ಅವರು ಮೀನನ್ನು ಎಣಿಸುತ್ತಾರೆ. ಎಣಿಸಬೇಕಾದದ್ದು ಮಾರ್ಚ್ ಕೊನೆಗೆ ತಳದಲ್ಲಿ ಉಳಿಯುವ ನೀರನ್ನು ನೋಡಿ. ಸುಗ್ಗಿಯ ದಿನದ ಜೋಳದ ರಾಶಿಯನ್ನು ನೋಡಿ ಯಾವ ಗೃಹಿಣಿಯೂ ವರ್ಷದ ರೊಟ್ಟಿಯ ಲೆಕ್ಕ ಹಾಕುವುದಿಲ್ಲ; ಮುಂದಿನ ಸುಗ್ಗಿಯ ಹಿಂದಿನ ತಿಂಗಳು ಚೀಲದಲ್ಲಿ ಎಷ್ಟು ಉಳಿದಿರಬೇಕು ಎಂಬುದರಿಂದ ಆಕೆ ಲೆಕ್ಕ ಹಿಡಿಯುತ್ತಾಳೆ.

ಆದ್ದರಿಂದ ಮೊದಲು ನೀರಿನ ಲೆಕ್ಕ. ಮೇಲ್ಭಾಗದಲ್ಲಿ 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳವಿದ್ದು, ಪಕ್ಕದ ಇಳಿಜಾರು ಒಂದಕ್ಕೊಂದರ ಪ್ರಮಾಣದಲ್ಲಿರುವ (ಒಂದು ಮೀಟರ್ ಆಳಕ್ಕೆ ಒಂದು ಮೀಟರ್ ಒಳಸರಿಯುವ) ಹೊಂಡವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇಳಿಜಾರಿನಿಂದಾಗಿ ಅದರ ತಳ 15 ಮೀಟರ್ ಚೌಕಕ್ಕೆ ಇಳಿಯುತ್ತದೆ. ಪೂರ್ತಿ ತುಂಬಿದಾಗ ಅದರಲ್ಲಿ ಸುಮಾರು 980 ಘನ ಮೀಟರ್, ಅಂದರೆ 9 ಲಕ್ಷ 80 ಸಾವಿರ ಲೀಟರ್ ನೀರು ಹಿಡಿಯುತ್ತದೆ. ವಿಜಯಪುರದ ವಾರ್ಷಿಕ ಮಳೆ ಸುಮಾರು 600 ಮಿಲಿಮೀಟರ್. ಬಿದ್ದ ಮಳೆಯ ಹತ್ತರಲ್ಲಿ ಒಂದು ಪಾಲು ಹರಿದು ಹೊಂಡಕ್ಕೆ ಬರುತ್ತದೆ ಎಂದಿಟ್ಟುಕೊಂಡರೆ, ಈ ಹೊಂಡ ತುಂಬಲು ಹೆಚ್ಚುಕಡಿಮೆ ನಾಲ್ಕು ಎಕರೆ ಹೊಲದ ನೀರು ಬೇಕು. ಎರಡೇ ಎಕರೆಯ ನೀರು ಬರುವ ಕಡೆ ಇಷ್ಟು ದೊಡ್ಡ ಹೊಂಡ ತೋಡಿದವರು ಅದು ತುಂಬುವುದಿಲ್ಲವೆಂದು ಮಳೆಯನ್ನು ದೂರುವುದುಂಟು, ತಪ್ಪು ಮಳೆಯದ್ದಲ್ಲ.

ಖರ್ಚಿನ ಬದಿ ಇನ್ನೂ ಮುಖ್ಯ. ನವೆಂಬರ್‌ನಿಂದ ಮಾರ್ಚ್‌ವರೆಗಿನ 150 ದಿನಗಳಲ್ಲಿ ಐದು ಗುಂಟೆ ಕಾಯಿಪಲ್ಲೆಗೆ ದಿನಕ್ಕೆ 5 ಮಿಲಿಮೀಟರ್‌ನಷ್ಟು ನೀರು ಕೊಟ್ಟರೆ, ದಿನವೊಂದಕ್ಕೆ 2,500 ಲೀಟರ್ ಆಗಿ, ಒಟ್ಟು 375 ಘನ ಮೀಟರ್ ಹೋಗುತ್ತದೆ. ಇದೇ ಅವಧಿಯಲ್ಲಿ ಗಾಳಿಗೆ, ಬಿಸಿಲಿಗೆ ನೀರಿನ ಮಟ್ಟ ದಿನಕ್ಕೆ ಸರಾಸರಿ 5 ಮಿಲಿಮೀಟರ್ ಇಳಿದರೆ ಇನ್ನೂ 280 ಘನ ಮೀಟರ್‌ಗಳಷ್ಟು ಆವಿಯಾಗುತ್ತದೆ. ಎರಡೂ ಸೇರಿ ಸುಮಾರು 655. ಉಳಿಯುವುದು 325 ಘನ ಮೀಟರ್. ಇಳಿಜಾರಿನ ಹೊಂಡದಲ್ಲಿ ಅದು ಸುಮಾರು 1.2 ಮೀಟರ್ ಆಳದ, 300 ಚದರ ಮೀಟರ್ ಮೇಲ್ಮೈಯ ನೀರು. ಏಪ್ರಿಲ್ ಬಂದ ಮೇಲೆ ಆರುವ ಪ್ರಮಾಣ ದಿನಕ್ಕೆ ಒಂದು ಸೆಂಟಿಮೀಟರ್ ಎಂದು ಹಿಡಿದರೆ, ಕಾಯಿಪಲ್ಲೆಯ ನೀರೂ ಸೇರಿ ಎರಡು ತಿಂಗಳಲ್ಲಿ ಹೊಂಡ ಬರಿದು. ಹೀಗಾಗಿ ಈ ಹೊಂಡದ ಮೀನಿನ ಅವಧಿ ಮಾರ್ಚ್ ಕೊನೆಗೆ ಮುಗಿಯುತ್ತದೆ, ಮತ್ತು ಮೀನಿನ ಸಂಖ್ಯೆಯನ್ನು ಹೊಂಡದ ಬಾಯಿಯ 441 ಚದರ ಮೀಟರ್‌ಗಲ್ಲ, ಕೊನೆಗೆ ಉಳಿಯುವ 300 ಚದರ ಮೀಟರ್‌ಗೆ ಹೊಂದಿಸಬೇಕು. ಗಾಳಿ ತುಂಬುವ ಯಂತ್ರವಿಲ್ಲದ ಸಾಮಾನ್ಯ ಸಾಕಣೆಯಲ್ಲಿ ಹೆಕ್ಟೇರಿಗೆ 5,000 ಮರಿ ಎಂಬುದು ರೂಢಿಯ ಪ್ರಮಾಣ. ಅಂದರೆ ಎರಡು ಚದರ ಮೀಟರ್‌ಗೆ ಒಂದು. ನಮ್ಮ ಹೊಂಡಕ್ಕೆ 150 ಮೀನು ಸಾಕು. ಹೊಂಡದಲ್ಲಿ 1,000 ಮರಿ ಬಿಟ್ಟೆ ಎಂದು ಹೇಳುವವರ ಮಾತು ಕೇಳಲು ಚೆಂದ, ಆದರೆ ಫೆಬ್ರುವರಿಯಲ್ಲಿ ಅವರ ಹೊಂಡವನ್ನು ನೋಡಬೇಕು: ಅಂಗೈ ಉದ್ದ ದಾಟದ ಮೀನು, ಕೆಟ್ಟ ವಾಸನೆಯ ನೀರು.

ಇಲ್ಲಿ ಒಂದು ಮಾತು ಸೇರಿಸಬೇಕು. ಈ ಲೆಕ್ಕ ಮಳೆನೀರನ್ನೇ ನಂಬಿದ ಹೊಲಗಳಿಗೆ ಸಂಬಂಧಿಸಿದ್ದು. ಆಲಮಟ್ಟಿ, ನಾರಾಯಣಪುರ ಜಲಾಶಯಗಳ ಕಾಲುವೆ ನೀರು ತಲುಪುವ ಊರುಗಳಲ್ಲಾಗಲಿ, ಹಿಡಕಲ್ ಮತ್ತು ಮಲಪ್ರಭಾ ಯೋಜನೆಯ ಕಾಲುವೆಗಳ ಅಂಚಿನಲ್ಲಾಗಲಿ ಹೊಂಡವನ್ನು ನಡುವೆ ಮತ್ತೆ ತುಂಬಿಸಿಕೊಳ್ಳಲು ಬರುವುದರಿಂದ ಮೀನಿಗೆ ಪೂರ್ತಿ ವರ್ಷ ಸಿಗಬಹುದು. ಮಳೆ ಹೆಚ್ಚಿರುವ ಖಾನಾಪುರದ ಮಲೆನಾಡಿನ ಕಥೆಯಂತೂ ಬೇರೆಯೇ.

ಹೊಂಡದ ಮಣ್ಣಿನ ವಿಷಯಕ್ಕೆ ಬಂದರೆ, ಎರೆ ಮಣ್ಣು, ಅಂದರೆ ಜಿಗುಟಾದ ಕಪ್ಪು ಮಣ್ಣು, ನೀರನ್ನು ಚೆನ್ನಾಗಿ ಹಿಡಿಯುತ್ತದೆಯಲ್ಲ, ಹಾಳೆ ಏಕೆ ಎಂದು ಕೇಳುವವರಿದ್ದಾರೆ. ಎರೆ ಮಣ್ಣು ನೆನೆದಾಗ ಉಬ್ಬಿ, ಒಣಗಿದಾಗ ಬಿರುಕು ಬಿಡುವ ಸ್ವಭಾವದ್ದು. ಬೇಸಿಗೆಯಲ್ಲಿ ಒಣಗಿದ ಹೊಂಡದ ಪಕ್ಕಗಳು ಮೊದಲ ದೊಡ್ಡ ಮಳೆಗೆ ಕುಸಿಯುತ್ತವೆ. ಅಲ್ಲದೆ ನಮ್ಮ ಭಾಗದಲ್ಲಿ ಎರೆಯ ಕೆಳಗೆ ಗರಸು, ಅಂದರೆ ಕಲ್ಲುಪುಡಿ ಬೆರೆತ ಸಡಿಲ ಮಣ್ಣು, ಹತ್ತುವುದು ಸಾಮಾನ್ಯ, ಅಲ್ಲಿಂದ ನೀರು ಸೋರಿಹೋಗುತ್ತದೆ. ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಂತೂ ಹಾಳೆ ಇಲ್ಲದೆ ನಡೆಯುವುದೇ ಇಲ್ಲ. ಹಾಳೆ ಹಾಸಿದ ಹೊಂಡದಲ್ಲಿ ಮೀನು ಸಾಕುವುದಾದರೆ ತಳದಲ್ಲಿ ಅರ್ಧ ಅಡಿಯಷ್ಟು ಕಲ್ಲಿಲ್ಲದ ಮಣ್ಣು ಹರಡುವುದು ಒಳ್ಳೆಯದು, ಏಕೆಂದರೆ ಮೀನಿನ ಸಹಜ ಆಹಾರವಾದ ಹುಳು, ಸೂಕ್ಷ್ಮಜೀವಿಗಳು ನೆಲೆ ನಿಲ್ಲುವುದು ಕೆಸರಿನಲ್ಲಿ.

ಇನ್ನು ಮೀನು. ಕಾಟ್ಲಾ ನೀರಿನ ಮೇಲ್ಪದರದಲ್ಲಿ, ರೋಹು ನಡುವಿನಲ್ಲಿ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ ಮೇಯುತ್ತವೆ; ಹುಲ್ಲುಗೆಂಡೆ ಹೆಸರೇ ಹೇಳುವಂತೆ ಹಸಿರು ಮೇವನ್ನು ತಿನ್ನುತ್ತದೆ. ಒಂದೇ ಹೊಂಡದಲ್ಲಿ ಇವನ್ನು ಕೂಡಿಸಿ ಬಿಡುವುದರ ಹಿಂದಿನ ತರ್ಕ ಮುಖ್ಯ ಬೆಳೆಯ ನಡುವೆ ಬೇರೆ ಬೆಳೆ ಬಿತ್ತುವ ನಮ್ಮ ಅಕ್ಕಡಿ ಸಾಲಿನ ತರ್ಕವೇ: ಒಂದರ ಪಾಲಿಗೆ ಇನ್ನೊಂದು ಕೈಹಾಕುವುದಿಲ್ಲ. 150 ಮೀನಿನಲ್ಲಿ 50 ಕಾಟ್ಲಾ, 40 ರೋಹು, 40 ಸಾಮಾನ್ಯ ಗೆಂಡೆ, 20 ಹುಲ್ಲುಗೆಂಡೆ ಎಂಬುದು ನನಗೆ ಹೊಂದಿಬಂದ ಹಂಚಿಕೆ. ಬೇಗ ಬೆಳೆಯುತ್ತದೆ ಎಂಬ ಆಸೆಗೆ ಆಫ್ರಿಕನ್ ಕ್ಯಾಟ್‌ಫಿಶ್ ಬಿಡುವವರು ಇಂದಿಗೂ ಇದ್ದಾರೆ. ಅದರ ಸಾಕಣೆ ನಮ್ಮ ದೇಶದಲ್ಲಿ ನಿಷಿದ್ಧ. ಮಳೆಗೆ ಹೊಂಡ ಉಕ್ಕಿ ಅದು ಹಳ್ಳ ಸೇರಿದರೆ ಅಲ್ಲಿನ ಸ್ಥಳೀಯ ಮೀನುಗಳನ್ನು ನುಂಗಿಹಾಕುತ್ತದೆ.

ಕಾಟ್ಲಾ, ರೋಹುಗಳು ಹರಿಯುವ ನದಿಯಲ್ಲಿ ಮೊಟ್ಟೆಯಿಡುವ ಮೀನುಗಳು. ನಿಂತ ನೀರಿನ ಹೊಂಡದಲ್ಲಿ ಅವು ಮರಿ ಮಾಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಅವರು ಮೀನಿನ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಈ ಜಾತಿಯ ಮೀನುಗಳನ್ನು ಸಾಕಣೆಯಲ್ಲೇ ಮೊಟ್ಟೆಯಿಡುವಂತೆ ಮಾಡಿದ ಮೇಲೆಯೇ ಬಿತ್ತನೆ ಮರಿಗಳು ರೈತರ ಕೈಗೆಟುಕುವಂತಾದದ್ದು. ಆ ದಿನವನ್ನು ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ಸ್ವಾವಲಂಬನೆಯ ಹಂಬಲವಿರುವವರು ಈ ಒಂದು ವಿಷಯದಲ್ಲಿ ಮರಿ ಉತ್ಪಾದನಾ ಕೇಂದ್ರವನ್ನು ನಂಬಿಯೇ ಇರಬೇಕು. ನಮಗೆ ಸಿಗುವ ಅವಧಿ ಆರೇ ತಿಂಗಳಾದ್ದರಿಂದ ಬೆರಳುದ್ದದ ಮರಿಗಿಂತ, ಹಿಂದಿನ ವರ್ಷ ಒತ್ತಾಗಿ ಸಾಕಿ ಬೆಳವಣಿಗೆ ತಡೆಹಿಡಿದ ಸುಮಾರು 100 ಗ್ರಾಂ ತೂಕದ ಮರಿ ಲೇಸು. ಇವು ಜಾಗ ಸಿಕ್ಕೊಡನೆ ಭರದಿಂದ ಬೆಳೆಯುತ್ತವೆ, ಕೊಕ್ಕರೆ, ಮಿಂಚುಳ್ಳಿಗಳ ಬಾಯಿಗೂ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಸೆಪ್ಟೆಂಬರ್‌ನಲ್ಲಿ, ಬೆಳಗಿನ ತಂಪಿನಲ್ಲಿ ತಂದು, ಮರಿಯಿರುವ ಚೀಲವನ್ನು ಬಾಯಿ ಬಿಚ್ಚದೆ ಹೊಂಡದ ನೀರಿನ ಮೇಲೆ ಕಾಲು ಗಂಟೆ ತೇಲಬಿಟ್ಟು, ಆಮೇಲೆ ಸ್ವಲ್ಪ ಸ್ವಲ್ಪವೇ ಹೊಂಡದ ನೀರನ್ನು ಒಳಗೆ ಸೇರಿಸಿ ಬಿಡಬೇಕು.

ಈಗ ಇಡೀ ವ್ಯವಸ್ಥೆಯ ಹೃದಯಕ್ಕೆ ಬರೋಣ: ಮೀನಿನ ನೀರು ಗಿಡಕ್ಕೆ ಗೊಬ್ಬರವಾಗುವುದು ಹೇಗೆ? ಮೀನು ತಿಂದ ಆಹಾರದ ಪ್ರೋಟೀನಿನಲ್ಲಿರುವ ಸಾರಜನಕದ ಕಾಲು ಭಾಗದಿಂದ ಮೂರನೇ ಒಂದು ಭಾಗ ಮಾತ್ರ ಅದರ ಮೈಯಲ್ಲಿ ಉಳಿಯುತ್ತದೆ. ಉಳಿದದ್ದರಲ್ಲಿ ಹೆಚ್ಚಿನದು ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿ ನೀರಿಗೆ ಸೇರುತ್ತದೆ. ಅಮೋನಿಯಾ ಮೀನಿಗೆ ವಿಷ. ನೀರಿನಲ್ಲೂ ಕೆಸರಿನಲ್ಲೂ ಇರುವ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿ, ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ನೈಟ್ರೈಟ್ ಕೂಡ ವಿಷವೇ. ನೈಟ್ರೇಟ್ ಮಾತ್ರ ಮೀನಿಗೆ ಬಹುಮಟ್ಟಿಗೆ ನಿರುಪದ್ರವಿ, ಗಿಡಕ್ಕೆ ಮೃಷ್ಟಾನ್ನ. ಈ ಎರಡೂ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಬೇಕು ಎಂಬುದನ್ನು ನೆನಪಿಟ್ಟುಕೊಂಡರೆ ಮುಂದಿನ ಅನೇಕ ತೊಂದರೆಗಳ ಮೂಲ ತಾನಾಗಿಯೇ ತಿಳಿಯುತ್ತದೆ.

ಅಮೋನಿಯಾದ ವಿಷಯದಲ್ಲಿ ನಮ್ಮ ಭಾಗಕ್ಕೆ ಒಂದು ವಿಶೇಷ ಅಪಾಯವಿದೆ. ಅದು ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ, ಮತ್ತು ಹೆಚ್ಚು ವಿಷಕಾರಿಯಾದ ರೂಪದ ಪಾಲು ನೀರು ಕ್ಷಾರವಾದಷ್ಟೂ, ಬಿಸಿಯಾದಷ್ಟೂ ಏರುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ; ಏರಿದಷ್ಟೂ ಕ್ಷಾರ ಹೆಚ್ಚು) 7 ಇದ್ದರೆ ಆ ಪಾಲು ಶೇ. 1ಕ್ಕಿಂತ ಕಡಿಮೆ, 8 ಆದರೆ ಶೇ. 7ರಿಂದ 8, 9 ಆದರೆ ಸುಮಾರು ಶೇ. 45. ನಮ್ಮ ಸವಳು ಬೋರ್‌ವೆಲ್ ನೀರು ಮೊದಲೇ ಕ್ಷಾರದ ಕಡೆಗೆ ವಾಲಿರುತ್ತದೆ. ಅದರ ಮೇಲೆ ಹೊಂಡದಲ್ಲಿ ಪಾಚಿ ದಟ್ಟವಾದರೆ, ಹಗಲಿನಲ್ಲಿ ಅದು ನೀರಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುವುದರಿಂದ ಮಧ್ಯಾಹ್ನದ ಹೊತ್ತಿಗೆ ಪಿಎಚ್ ಇನ್ನೂ ಮೇಲೇರುತ್ತದೆ. ಬೆಳಿಗ್ಗೆ ಪರೀಕ್ಷಿಸಿದಾಗ ಸರಿಯಿದ್ದ ನೀರು ಮೂರು ಗಂಟೆಗೆ ಸರಿಯಿಲ್ಲದಿರಬಹುದು. ಮೀನಿನ ಹೊಂಡಕ್ಕೆ ಸುಣ್ಣ ಹಾಕಬೇಕೆಂಬ ಸಲಹೆಯನ್ನು ಇಲ್ಲಿ ಕಣ್ಣು ಮುಚ್ಚಿ ಪಾಲಿಸಬಾರದು. ಅದು ಹುಳಿ ಮಣ್ಣಿನ ಪ್ರದೇಶಗಳಿಗೆ ಹೇಳಿದ ಮಾತು, ನಮ್ಮಲ್ಲಿ ಪಿಎಚ್ ನೋಡಿಯೇ ತೀರ್ಮಾನಿಸಬೇಕು.

ಆಮ್ಲಜನಕದ ಕಥೆ ಇದಕ್ಕೆ ತಿರುಗುಮುರುಗು. ಹಗಲಿನಲ್ಲಿ ಪಾಚಿ ಆಮ್ಲಜನಕವನ್ನು ಕೊಡುತ್ತದೆ, ರಾತ್ರಿ ಅದೇ ಪಾಚಿ ಮೀನಿನೊಂದಿಗೆ ಪೈಪೋಟಿಗಿಳಿದು ಉಸಿರಾಡುತ್ತದೆ. ಹಾಗಾಗಿ ನಸುಕಿನ ಹೊತ್ತಿಗೆ ನೀರಿನಲ್ಲಿ ಆಮ್ಲಜನಕ ಅತ್ಯಂತ ಕಡಿಮೆ. ಇದನ್ನು ನಾನು ಓದಿ ತಿಳಿದದ್ದಕ್ಕಿಂತ ನೋಡಿ ತಿಳಿದದ್ದೇ ಹೆಚ್ಚು. ಇಂಡಿ ಕಡೆಯ ನಮ್ಮ ಹೊಲದ ಹೊಂಡದಲ್ಲಿ ಮೊದಲ ವರ್ಷ ಮೀನು ಬಿಟ್ಟಾಗ, ಮೂರು ದಿನ ಮೋಡ ಕವಿದಿದ್ದರೂ ನೀರು ಹಸಿರಾಗಲೆಂದು ಎರಡು ಬುಟ್ಟಿ ಹಸಿ ಸಗಣಿ ಕದಡಿ ಸುರಿದಿದ್ದೆ. ನಾಲ್ಕನೆಯ ದಿನ ಬೆಳಗಿನ ಜಾವ ಹೊಂಡದ ಹತ್ತಿರ ಹೋದಾಗ ಮೊದಲು ಕಿವಿಗೆ ಬಿದ್ದದ್ದು ಸಪ್ಪಳ: ಅಕ್ಕಿ ತೊಳೆಯುವಾಗ ಬರುವಂತಹ, ಬಿಡದೆ ಕೇಳುವ ಸಣ್ಣ ಪಚಪಚ ಸದ್ದು. ಬ್ಯಾಟರಿ ಬಿಟ್ಟು ನೋಡಿದರೆ ನೀರಿನ ಮೇಲೆಲ್ಲ ದುಂಡನೆಯ ಬಾಯಿಗಳು ತೆರೆದು ಮುಚ್ಚುತ್ತಿದ್ದವು. ದೊಡ್ಡ ಕಾಟ್ಲಾಗಳು ಆಗಲೇ ಅಂಚಿಗೆ ಬಂದು ವಾಲಿದ್ದವು. ಪಂಪಿನ ಪೈಪನ್ನು ಏರಿಯ ಮೇಲೆ ಎತ್ತಿ ಕಟ್ಟಿ, ಹೊಂಡದ ನೀರನ್ನೇ ಎತ್ತರದಿಂದ ಹೊಂಡಕ್ಕೆ ಬೀಳಿಸಿದ್ದರಿಂದ ಬಹಳಷ್ಟು ಉಳಿದವು, ಹನ್ನೊಂದು ಸತ್ತವು. ಸಗಣಿ ಕೊಳೆಯಲು ಬೇಕಾದ ಆಮ್ಲಜನಕವನ್ನು ಮೋಡದ ದಿನ ಪಾಚಿ ತಯಾರಿಸಿರಲಿಲ್ಲ. ಅಂದಿನಿಂದ ಮೋಡವಿದ್ದ ದಿನ ಸಗಣಿಯೂ ಇಲ್ಲ, ಮೇವೂ ಇಲ್ಲ. ಪಾಚಿಯ ಪ್ರಮಾಣವನ್ನು ತಿಳಿಯಲು ಉಪಕರಣವೇನೂ ಬೇಕಿಲ್ಲ: ಕೈಯನ್ನು ಮೊಣಕೈವರೆಗೆ ನೇರವಾಗಿ ಮುಳುಗಿಸಿದಾಗ ಅಂಗೈ ಮಸುಕಾಗಿ ಕಂಡೂ ಕಾಣದಂತಿದ್ದರೆ ಹದ, ಮಣಿಕಟ್ಟು ಮುಳುಗುವಷ್ಟರಲ್ಲೇ ಮರೆಯಾದರೆ ಪಾಚಿ ಹೆಚ್ಚಾಗಿದೆ, ಆ ನೀರನ್ನು ಗಿಡಗಳಿಗೆ ಹರಿಸುವ ದಿನ ಬಂದಿದೆ ಎಂದರ್ಥ.

ಮೇವಿಗೆ ಶೇಂಗಾ ಹಿಂಡಿ ಮತ್ತು ತೌಡನ್ನು ಸಮನಾಗಿ ಬೆರೆಸಿ, ಮೀನಿನ ಒಟ್ಟು ತೂಕದ ಶೇ. 2ರಿಂದ 3ರಷ್ಟು ದಿನಕ್ಕೆ ಕೊಡುವುದು ವಾಡಿಕೆ. ತೂತು ಕೊರೆದ ಸಿಮೆಂಟ್ ಚೀಲದಲ್ಲಿ ತುಂಬಿ ಬಿದಿರು ಗಳಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟರೆ, ಸಂಜೆ ಚೀಲವನ್ನು ಎತ್ತಿ ನೋಡಿ ಎಷ್ಟು ಉಳಿದಿದೆ ಎಂದು ತಿಳಿಯಬಹುದು. ಉಳಿದಿದ್ದರೆ ಮರುದಿನ ಕಡಿಮೆ. ಬೂಸ್ಟು ಹಿಡಿದ ಹಿಂಡಿಯನ್ನು ದನಕ್ಕೆ ಬೇಡವೆಂದು ಮೀನಿಗೆ ಹಾಕುವುದು ತಪ್ಪು. ಅದರಲ್ಲಿನ ಅಫ್ಲಾಟಾಕ್ಸಿನ್ ಎಂಬ ಬೂಸ್ಟಿನ ವಿಷ ಮೀನಿನ ಯಕೃತ್ತನ್ನೂ ಕೆಡಿಸುತ್ತದೆ. ಹುಲ್ಲುಗೆಂಡೆಗೆ ಕುದುರೆ ಮೆಂತ್ಯ, ನೇಪಿಯರ್ ಹುಲ್ಲಿನ ಎಳೆ ಎಲೆ, ಅಜೋಲಾ ಯಾವುದಾದರೂ ಆದೀತು. ಚಳಿಗಾಲದಲ್ಲಿ ನೀರು ತಣ್ಣಗಾದಾಗ ಮೀನು ಕಡಿಮೆ ತಿನ್ನುತ್ತದೆ, ಕಡಿಮೆ ಬೆಳೆಯುತ್ತದೆ. ಆಗ ಒತ್ತಾಯಿಸಿ ತಿನ್ನಿಸಿದ್ದು ತಳದಲ್ಲಿ ಕೊಳೆಯುತ್ತದೆ.

ಮೀನಿನ ನೀರಿದ್ದರೆ ಬೇರೆ ಗೊಬ್ಬರವೇ ಬೇಡ ಎಂಬ ಮಾತನ್ನು ಒರೆಗೆ ಹಚ್ಚಿ ನೋಡೋಣ. 150ರಲ್ಲಿ 120 ಮೀನು ಉಳಿದು ತಲಾ ಅರ್ಧ ಕಿಲೋ ಆದವೆಂದರೆ ಒಟ್ಟು 60 ಕಿಲೋ. ಇದರಲ್ಲಿ ನಮ್ಮ ಹೊಂಡದಲ್ಲಿ ಬೆಳೆದದ್ದು 48 ಕಿಲೋ. ಅದಕ್ಕೆ ಸುಮಾರು 90 ಕಿಲೋ ಮೇವು ಬೇಕಾಗುತ್ತದೆ. ಹಿಂಡಿ-ತೌಡಿನ ಆ ಮಿಶ್ರಣದಲ್ಲಿ 4 ಕಿಲೋದಷ್ಟು ಸಾರಜನಕವಿದ್ದು, ಮೀನಿನ ಮೈಯಲ್ಲಿ 1.3 ಕಿಲೋ ಉಳಿದು, ಮಿಕ್ಕ 2.7 ಕಿಲೋ ನೀರಿಗೂ ಕೆಸರಿಗೂ ಸೇರುತ್ತದೆ. ಯೂರಿಯಾ ಲೆಕ್ಕದಲ್ಲಿ ಅದು ಸುಮಾರು 6 ಕಿಲೋ. ಸ್ವಲ್ಪ ಭಾಗ ಗಾಳಿಗೂ ಹೋಗುತ್ತದೆ. ಐದು ಗುಂಟೆಯ ಮೆಂತ್ಯ, ರಾಜಗಿರಿ, ಪುಂಡಿ ಪಲ್ಲೆಗೆ ಇದು ಗಣ್ಯವಾದ ನೆರವೇ ಹೌದು. ಬದನೆ, ಹೀರೆ, ಟೊಮೆಟೊಗಳಿಗೆ ಕೊಟ್ಟಿಗೆ ಗೊಬ್ಬರ ಹಾಕಲೇಬೇಕು. ಹನಿ ನೀರಾವರಿಯಲ್ಲಿ ಕೊಡುವುದಾದರೆ ಶೋಧಕವನ್ನು ವಾರಕ್ಕೆರಡು ಬಾರಿಯಾದರೂ ತೊಳೆಯಬೇಕು, ಇಲ್ಲವಾದರೆ ಪಾಚಿ ಕಟ್ಟಿ ಹನಿ ಬೀಳುವ ತೂತುಗಳೆಲ್ಲ ಮುಚ್ಚಿಹೋಗುತ್ತವೆ. ಹಸಿಯಾಗಿ ತಿನ್ನುವ ಮೂಲಂಗಿ, ಸವತೆ, ಸೊಪ್ಪಿನ ಮೇಲೆ ಈ ನೀರನ್ನು ಸಿಂಪಡಿಸದೆ ಬುಡಕ್ಕೆ ಮಾತ್ರ ಬಿಡಬೇಕು.

ತೊಟ್ಟಿಯಲ್ಲಿ ಮೀನು, ಜಲ್ಲಿಯ ಹಾಸಿನಲ್ಲಿ ಗಿಡ, ನಡುವೆ ಎಡೆಬಿಡದೆ ನೀರು ತಿರುಗಿಸುವ ಪಂಪು: ಈ ಅಕ್ವಾಪೋನಿಕ್ಸ್ ವಿಧಾನದ ಬಗ್ಗೆಯೂ ಅನೇಕರು ವಿಚಾರಿಸುತ್ತಾರೆ. ಅದು ನಡೆಯುವುದು ಮೇಲೆ ಹೇಳಿದ ಅಮೋನಿಯಾ, ನೈಟ್ರೇಟ್ ಚಕ್ರದ ಮೇಲೆಯೇ, ಮತ್ತು ನೀರಿನ ಮಿತವ್ಯಯದಲ್ಲಿ ಅದನ್ನು ಮೀರಿಸುವುದು ಕಷ್ಟ. ಆದರೆ ಅಲ್ಲಿ ಸಾವಿರ ಲೀಟರ್ ನೀರಿನಲ್ಲಿ ಹತ್ತಾರು ಮೀನಿರುತ್ತವೆ. ಕರೆಂಟು ಹೋದ ಒಂದೆರಡು ಗಂಟೆಯಲ್ಲಿ ಎಲ್ಲವೂ ಸಾಯಬಹುದು. ಹೊಲದ ಲೈನಿಗೆ ದಿನಕ್ಕೆ ಕೆಲವೇ ಗಂಟೆ ತ್ರೀ ಫೇಸ್ ಬರುವ ನಮ್ಮ ಊರುಗಳಲ್ಲಿ, ಬೇರೆ ವಿದ್ಯುತ್ ವ್ಯವಸ್ಥೆ ಇಲ್ಲದವರಿಗೆ ನಾನು ಅದನ್ನು ಹೇಳುವುದಿಲ್ಲ. ಹೊಂಡ ನಿಧಾನದ್ದು, ತಪ್ಪು ಮಾಡಿದರೂ ತಿದ್ದಿಕೊಳ್ಳಲು ಒಂದು ರಾತ್ರಿಯ ಅವಕಾಶ ಕೊಡುತ್ತದೆ.

ಅಪಾಯಗಳಲ್ಲಿ ಎರಡನ್ನು ಹೇಳಲೇಬೇಕು. ಮೊದಲನೆಯದು ಮನುಷ್ಯರಿಗೆ ಸಂಬಂಧಿಸಿದ್ದು. ಪಾಚಿ ಕಟ್ಟಿದ ಪ್ಲಾಸ್ಟಿಕ್ ಹಾಳೆಯ ಇಳಿಜಾರಿನಲ್ಲಿ ಜಾರಿದವರು, ಈಜು ಬಂದರೂ, ಹಿಡಿತ ಸಿಗದೆ ಮೇಲೆ ಬರಲಾರರು. ಸುತ್ತಲೂ ತಂತಿ ಬೇಲಿ, ನಾಲ್ಕೂ ಬದಿಯಲ್ಲಿ ಗೂಟಕ್ಕೆ ಬಿಗಿದು ತಳದವರೆಗೆ ಇಳಿಬಿಟ್ಟ ಗಂಟು ಹಾಕಿದ ಹಗ್ಗ, ಹಗ್ಗಕ್ಕೆ ಪೋಣಿಸಿದ ಹಳೆಯ ಟಯರು: ಮೀನಿನ ಮರಿ ತರುವ ಮುನ್ನ ಇವು ಇರಬೇಕು. ಮಕ್ಕಳಿರುವ ಮನೆಯಾದರೆ ಬೇಲಿಯ ಬಾಗಿಲಿಗೆ ಬೀಗವೂ ಬೇಕು. ಎರಡನೆಯದು ವಿಷ. ಹತ್ತಿಗೂ ದ್ರಾಕ್ಷಿಗೂ ಹೊಡೆಯುವ ಕೀಟನಾಶಕಗಳಲ್ಲಿ ಪೈರೆಥ್ರಾಯ್ಡ್ ಗುಂಪಿನವು ಅತ್ಯಲ್ಪ ಪ್ರಮಾಣದಲ್ಲೂ ಮೀನನ್ನು ಕೊಲ್ಲುತ್ತವೆ. ತಿಕೋಟಾ, ಬಬಲೇಶ್ವರ ಭಾಗದಂತೆ ದ್ರಾಕ್ಷಿ ತೋಟಗಳು ಒತ್ತಾಗಿರುವ ಕಡೆ ಮೇಲಿನ ಹೊಲದವರು ಯಾವಾಗ, ಏನು ಹೊಡೆಯುತ್ತಾರೆಂದು ಕೇಳಿ ತಿಳಿದುಕೊಳ್ಳುವುದು ನೀರಿನ ಪರೀಕ್ಷೆಯಷ್ಟೇ ಮುಖ್ಯ. ಸಿಂಪಡಣೆಯ ಪಂಪನ್ನು ಹೊಂಡದಲ್ಲಿ ತೊಳೆಯುವುದಂತೂ ಸರ್ವಥಾ ಕೂಡದು.

ಹಿಡಿಯುವುದನ್ನು ಜನವರಿಯಲ್ಲೇ ಆರಂಭಿಸಬೇಕು. ನೀರು ಇಳಿದಂತೆ ದೊಡ್ಡವನ್ನು ತೆಗೆಯುತ್ತ ಹೋದರೆ ಉಳಿದವಕ್ಕೆ ಜಾಗವೂ ಆಮ್ಲಜನಕವೂ ಸಿಗುತ್ತವೆ. ವಾರಕ್ಕೆ ಒಂದೂವರೆ ಕಿಲೋದಂತೆ ತಿಂದರೆ ಐದು ಜನರ ಮನೆಗೆ ಮೂರು ತಿಂಗಳಲ್ಲಿ 20 ಕಿಲೋ ಸಾಕಾಗುತ್ತದೆ. ಮಿಕ್ಕ 40 ಕಿಲೋವನ್ನು ಸಂತೆಯಲ್ಲಿ ಮಾರಬೇಕು, ಇಲ್ಲವೇ ಉಪ್ಪು ಸವರಿ ಮಾರ್ಚ್ ಬಿಸಿಲಿಗೆ ಒಣಗಿಸಿಡಬೇಕು. ಮೀನು ತಿನ್ನದ ಮನೆಗಳು ನಮ್ಮ ಕಡೆ ಬಹಳ; ಅವರೂ ಮೀನು ಬಿಟ್ಟು, ಹಿಡಿಯುವ ಕೆಲಸವನ್ನು ಮೀನುಗಾರರಿಗೆ ಒಪ್ಪಿಸಿ, ತಮ್ಮ ಪಾಲಿಗೆ ನೀರನ್ನು ಮತ್ತು ಹಣವನ್ನು ಇಟ್ಟುಕೊಳ್ಳುವುದುಂಟು. ಎಳೆಬಲೆಯ ಸೀಸದ ಗುಂಡು ಹಾಳೆಯನ್ನು ಹರಿಯದಂತೆ ನೋಡಿಕೊಳ್ಳುವುದೊಂದೇ ಅಲ್ಲಿ ವಹಿಸಬೇಕಾದ ಎಚ್ಚರ.

ಮೇ ಕೊನೆಗೆ ಹೊಂಡ ಬತ್ತಿದಾಗ ತಳದ ಕೆಸರು ಕಪ್ಪಗೆ, ಬೆಣ್ಣೆಯಂತೆ ನುಣುಪಾಗಿ ಉಳಿದಿರುತ್ತದೆ. ಹಾಳೆಗೆ ತಾಗಬಾರದೆಂದು ಸಲಿಕೆ ಬಿಟ್ಟು ಮರದ ಹಲಗೆಯಿಂದ ಮೇಲಿನ ಪದರವನ್ನಷ್ಟೇ ಎಳೆದು, ಬುಟ್ಟಿಯಲ್ಲಿ ಹೊತ್ತು ಕಾಯಿಪಲ್ಲೆಯ ಮಡಿಗಳಿಗೆ ಹರಡಬೇಕು; ಮೀನಿನ ಮೇವಿನಲ್ಲಿದ್ದ ರಂಜಕದ ದೊಡ್ಡ ಪಾಲು ಸೇರಿರುವುದು ಇದರಲ್ಲೇ. ಆಮೇಲೆ ಹಾಳೆಯಲ್ಲಿ ತೂತುಗಳಿದ್ದರೆ ತೇಪೆ ಹಾಕಿ, ಒಳಹರಿವಿನ ಬಾಯಿಯಲ್ಲಿರುವ ಹೂಳು ಗುಂಡಿಯನ್ನು ಬಳಿದು, ಜೂನ್‌ನ ಮೊದಲ ದೊಡ್ಡ ಮಳೆಯ ನೀರನ್ನು ಹೊಂಡಕ್ಕೆ ಬಿಡದೆ ಪಕ್ಕದ ಕಾಲುವೆಗೆ ತಿರುಗಿಸಬೇಕು. ಹೊಲದ ಮೇಲೆ ಬೇಸಿಗೆಯಿಡೀ ಕುಳಿತ ದೂಳು, ಔಷಧಿಯ ಶೇಷ ಎಲ್ಲ ಅದರಲ್ಲಿ ಕೊಚ್ಚಿಬರುತ್ತದೆ. ಎರಡನೆಯ ಮಳೆಗೆ ಬಾಯಿ ತೆರೆದರೆ ಸಾಕು.